ಮಳೆ ಬರಲಿಲ್ಲವೋ, ಗೇಜ್ ನೋಡಲಿಲ್ಲವೋ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಲೆಕ್ಕ ನೋಡುವ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಆರು ತೋಟಗಳಿಂದ ದಿನಾ ಬೆಳಿಗ್ಗೆ ಮಳೆ ಲೆಕ್ಕ, ಕುಯ್ಲಿನ ತೂಕ, ಆಳುಗಳ ಹಾಜರಿ ಬರುತ್ತದೆ. ಇದನ್ನೆಲ್ಲ ತರಿಸಿ, ಸೇರಿಸಿ, ವರದಿ ಮಾಡಲು ಇಪ್ಪತ್ತೊಂದು ಸಣ್ಣ ಕಮಾಂಡ್‌ಲೈನ್ ಪ್ರೋಗ್ರಾಂಗಳಿವೆ. ಕೆಲವು ಬ್ಯಾಶ್, ಕೆಲವು ಪೈಥಾನ್, ತೂಕದ ಯಂತ್ರಕ್ಕೆ ಒಂದು ಸಿ ಪ್ರೋಗ್ರಾಂ. ನಾಲ್ಕು ಜನ ಬೇರೆ ಬೇರೆ ಕಾಲದಲ್ಲಿ ಬರೆದದ್ದು. ಕೆಲಸ ಕೆಟ್ಟಾಗ ಎಕ್ಸಿಟ್ ಕೋಡ್ ಆಗಿ (ಮುಗಿಯುವಾಗ ಪ್ರೋಗ್ರಾಂ ಕೊಡುವ ಸಂಖ್ಯೆ) ಒಂದು 1 ಕೊಡುತ್ತದೆ, ಒಂದು -1 ಕೊಡುತ್ತದೆ, ಇನ್ನೊಂದು ‘ಎರರ್’ ಅಂತ ತೋರಿಸಿ 0 ಕೊಡುತ್ತದೆ. ಮತ್ತೊಂದು ಎಷ್ಟು ಸಾಲು ತಪ್ಪಿತೋ ಅಷ್ಟನ್ನೇ ಎಕ್ಸಿಟ್ ಕೋಡ್ ಮಾಡಿಬಿಡುತ್ತದೆ. ಮಾರ್ಚ್‌ನಲ್ಲಿ ಒಂದು ತೋಟದ ನೆಟ್, ಫೋನ್ ಎರಡೂ ಹೋಗಿತ್ತು. ವರದಿಯಲ್ಲಿ ಆ ತೋಟದ ಮಳೆ 0 ಎಂದು ಬಂತು. ಹೂವಿಗೆ ನೀರು ಬೇಕು ಅಂತ ಸಾಹುಕಾರರು ಡೀಸೆಲ್, ಪೈಪು, ಆಳು ಎಲ್ಲ ಅಲ್ಲಿಗೆ ಕಳಿಸಿದರು. ಗಾಡಿ ಹೋಗಿ ನೋಡಿದರೆ ನೆಲ ಒದ್ದೆ. ಹಿಂದಿನ ಸಂಜೆ ಒಂದು ಇಂಚು ಇಪ್ಪತ್ತು ಸೆಂಟ್ (1.20 ಇಂಚು) ಮಳೆ ಬಿದ್ದಿತ್ತು. ಇವನ್ನೆಲ್ಲ ಒಂದೇ ಕ್ರಮಕ್ಕೆ ತರುವುದು ಹೇಗೆ? 64ರಿಂದ 78ರವರೆಗಿನ ಎಕ್ಸಿಟ್ ಕೋಡ್‌ಗಳ ಒಂದು ಪಟ್ಟಿ ಇದೆಯಂತೆ, ಅದನ್ನೇ ಬಳಸಬೇಕಾ?

ಉತ್ತರ: ಪಟ್ಟಿಯ ಮಾತಿಗೆ ಆಮೇಲೆ ಬರೋಣ. ಮೊದಲು ಆ ಸೊನ್ನೆಯನ್ನು ನೋಡೋಣ.

ತೋಟದ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಎದ್ದು ಮಳೆ ಅಳೆಯುವ ಗೇಜ್ ನೋಡುತ್ತಾರೆ. ನೀರಿದ್ದರೆ ಅಳೆದು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ಇಲ್ಲದಿದ್ದರೆ ಸೊನ್ನೆ. ಅವರು ಮದುವೆಗೆಂದು ಎರಡು ದಿನ ಊರಿಗೆ ಹೋದರು ಅಂದುಕೊಳ್ಳಿ. ಒಳ್ಳೆಯ ರೈಟರಾದರೆ ಬಂದವರೇ ಆ ಎರಡು ಖಾನೆಗಳಿಗೆ ಅಡ್ಡಗೆರೆ ಎಳೆಯುತ್ತಾರೆ. ಸೊನ್ನೆ ಹಾಕುವುದಿಲ್ಲ. ಸೊನ್ನೆ ಎಂದರೆ ‘ನೋಡಿದೆ, ಮಳೆ ಇರಲಿಲ್ಲ’ ಎಂದು. ಅಡ್ಡಗೆರೆ ಎಂದರೆ ‘ನಾನು ನೋಡಿಲ್ಲ’ ಎಂದು. ನಿಮ್ಮ ಪ್ರೋಗ್ರಾಂ ಮದುವೆ ಮುಗಿಸಿ ಬಂದು ಸೊನ್ನೆ ಹಾಕಿದ ರೈಟರು.

ಅದು ಪೈಥಾನ್ ಪ್ರೋಗ್ರಾಂ ಆಗಿದ್ದರೆ ಒಳಗೆ ಏನಿದೆ ಅಂತ ನೋಡದೆಯೇ ಊಹಿಸಬಲ್ಲೆ. ನೆಟ್‌ನಿಂದ ಫೈಲ್ ತರುವ ಸಾಲಿಗೆ ಒಂದು ‘ಟ್ರೈ’ (ಮಾಡಿ ನೋಡು), ಕೆಳಗೆ ಬರೀ ‘ಎಕ್ಸೆಪ್ಟ್’ (ಯಾವ ತಪ್ಪಾದರೂ ಇಲ್ಲಿಗೆ ಬಾ), ಅದರೊಳಗೆ ಮಳೆ ಸಮ ಸೊನ್ನೆ. ಬರೆದವರು ಕೆಟ್ಟವರಲ್ಲ. ಪ್ರೋಗ್ರಾಂ ನಡುವೆ ನಿಲ್ಲಬಾರದು ಅನ್ನುವುದಷ್ಟೇ ಅವರ ಆಸೆ. ಆದರೆ ಬರೀ ‘ಎಕ್ಸೆಪ್ಟ್’ ಎಲ್ಲವನ್ನೂ ನುಂಗುತ್ತದೆ. ಅದರ ಮೇಲಿನ ಸಾಲುಗಳಲ್ಲಿ ನೀವೇ ‘ಸಿಸ್ ಎಕ್ಸಿಟ್’ ಕರೆದು ಪ್ರೋಗ್ರಾಂ ನಿಲ್ಲಿಸಲು ಹೊರಟರೂ ಅದನ್ನೂ ನುಂಗಿ ಮುಂದೆ ಹೋಗುತ್ತದೆ. ಇಪ್ಪತ್ತೊಂದರಲ್ಲಿ ಪೈಥಾನ್ ಎಷ್ಟಿವೆಯೋ ಅಷ್ಟರಲ್ಲೂ ಈ ಬರೀ ‘ಎಕ್ಸೆಪ್ಟ್’ ಹುಡುಕಿ. ಒಂದೊಂದಕ್ಕೂ ಯಾವ ತಪ್ಪನ್ನು ಹಿಡಿಯಬೇಕು ಅಂತ ಹೆಸರು ಹಾಕಿ. ಹೆಸರು ಹೊಳೆಯದಿದ್ದರೆ ಆ ‘ಟ್ರೈ’, ‘ಎಕ್ಸೆಪ್ಟ್’ ಎರಡನ್ನೂ ಅಳಿಸಿಬಿಡಿ, ಪ್ರೋಗ್ರಾಂ ಬಿದ್ದರೆ ಬೀಳಲಿ. ಸುಳ್ಳು ಸೊನ್ನೆಗಿಂತ ಅದೇ ವಾಸಿ. ಎಕ್ಸಿಟ್ ಕೋಡ್‌ಗಳ ಪಟ್ಟಿ ಮಾಡುವ ಮೊದಲು ಮಾಡಬೇಕಾದ ಕೆಲಸ ಇದು.

ಈಗ ಕೋಡ್ ಅನ್ನುವುದೇನು ಅಂತ ಸ್ವಲ್ಪ. ಪ್ರೋಗ್ರಾಂ ಮುಗಿದಾಗ ತನ್ನನ್ನು ಕರೆದವರಿಗೆ ಒಂದೇ ಒಂದು ಸಣ್ಣ ಸಂಖ್ಯೆ ಕೊಟ್ಟು ಹೋಗುತ್ತದೆ. ಲಿನಕ್ಸ್‌ನಲ್ಲಿ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್‌ನಂಥ ಪ್ರೋಗ್ರಾಂ) ಕೈಗೆ ಸಿಗುವುದು ಎಂಟು ಬಿಟ್, ಅಂದರೆ 0ಯಿಂದ 255. 0 ಅಂದರೆ ಕೆಲಸ ಆಯಿತು. ಬೇರೆ ಯಾವುದೇ ಆದರೂ ಆಗಲಿಲ್ಲ. ನೀವು -1 ಕೊಟ್ಟರೆ ಹೊರಗೆ ಕಾಣುವುದು 255. 300 ಕೊಟ್ಟರೆ 44. ತಪ್ಪಿದ ಸಾಲುಗಳ ಸಂಖ್ಯೆಯನ್ನೇ ಕೋಡ್ ಮಾಡುವ ಪ್ರೋಗ್ರಾಂ ಇದೆ ಅಂದಿರಲ್ಲ, ಅದರಲ್ಲಿ ಸರಿಯಾಗಿ 256 ಸಾಲು ತಪ್ಪಿದ ದಿನ ಕೋಡ್ 0 ಆಗುತ್ತದೆ. ಎಲ್ಲ ಸರಿಯಿದೆ ಎನ್ನುತ್ತದೆ! ಅಂಥ ದಿನ ಬರುವುದು ಅಪರೂಪ ನಿಜ. ಆದರೆ ಕುಯ್ಲಿನ ಸಮಯದಲ್ಲಿ ಹಾಜರಿ ಫೈಲಿನ ಸಾಲುಗಳು ನೂರಾರು ಇರುತ್ತವೆ ಅಲ್ವಾ. ಎಣಿಕೆಯನ್ನು ಸಂದೇಶದಲ್ಲಿ ಬರೆಯಿರಿ, ಕೋಡ್‌ನಲ್ಲಿ ಬೇಡ.

ಹಳೆಯ ಯುನಿಕ್ಸ್ ಕಮಾಂಡ್‌ಗಳಲ್ಲಿ ನಿಮ್ಮ ಗೇಜ್ ಪ್ರಶ್ನೆಗೆ ಉತ್ತರ ಆಗಲೇ ಇದೆ. ‘ಗ್ರೆಪ್’ ಹುಡುಕಿದ್ದು ಸಿಕ್ಕರೆ 0, ಹುಡುಕಿಯೂ ಸಿಗದಿದ್ದರೆ 1, ಫೈಲನ್ನೇ ತೆರೆಯಲಾಗದಿದ್ದರೆ 2 ಕೊಡುತ್ತದೆ. ‘ಡಿಫ್’ ಎರಡು ಫೈಲ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ತೊಂದರೆಯಾದರೆ 2 ಎನ್ನುತ್ತದೆ. ‘ಇಲ್ಲ’ ಮತ್ತು ‘ಗೊತ್ತಿಲ್ಲ’ ಬೇರೆ ಬೇರೆ ಅಂತ ಇವನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಂತ ನೀವೂ ‘ಮಳೆ ಇಲ್ಲ’ ಎಂಬುದಕ್ಕೆ 1 ಇಡಬೇಡಿ. ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಪೈಥಾನ್ ಪ್ರೋಗ್ರಾಂ ಯಾರೂ ಹಿಡಿಯದ ತಪ್ಪಿನಿಂದ ಬಿದ್ದುಹೋದರೆ ಅದು ಕೊಡುವುದೂ 1. ಆಗ ‘ಮಳೆ ಇಲ್ಲ’ ಮತ್ತು ‘ಪ್ರೋಗ್ರಾಂ ಬಿತ್ತು’ ಒಂದೇ ಆಗಿಬಿಡುತ್ತದೆ, ನೀವು ಹೊರಟ ಜಾಗಕ್ಕೇ ವಾಪಸ್. ನಿಮ್ಮ ಲೆಕ್ಕದಲ್ಲಿ ಮಳೆ ಇಲ್ಲ ಎನ್ನುವುದು ಸೋಲಲ್ಲ, ಅದೂ ಒಂದು ಉತ್ತರ. ಹಾಗಾಗಿ ಪ್ರೋಗ್ರಾಂ 0.00 ಎಂದು ಬರೆದು 0 ಕೋಡ್‌ನಿಂದ ಹೊರಬರಲಿ. 1 ಅನ್ನು ‘ಏನೋ ಆಯಿತು, ಏನು ಅಂತ ಗೊತ್ತಿಲ್ಲ’ ಎಂಬುದಕ್ಕೇ ಬಿಡಿ. 2 ಅನ್ನು ‘ಕರೆದದ್ದೇ ತಪ್ಪು’ ಎಂಬುದಕ್ಕೆ ಇಡಿ. ಪೈಥಾನ್‌ನಲ್ಲಿ ಕಮಾಂಡ್‌ನ ಆಯ್ಕೆಗಳನ್ನು ಓದುವ ‘ಆರ್ಗ್‌ಪಾರ್ಸ್’ ತಪ್ಪು ಆಯ್ಕೆ ಕೊಟ್ಟರೆ ತಾನಾಗಿಯೇ 2 ಕೊಡುತ್ತದೆ, ನಿಮಗೆ ಕೆಲಸ ಕಡಿಮೆ.

ಈಗ ನೀವು ಕೇಳಿದ ಪಟ್ಟಿ. ಅದರ ಹೆಸರು ‘ಸಿಸ್‌ಎಕ್ಸಿಟ್ಸ್’. ಬಿಎಸ್‌ಡಿ ಯುನಿಕ್ಸ್‌ನಿಂದ ಬಂದದ್ದು. ಮೇಲ್ ಸಾಗಿಸುವ ಪ್ರೋಗ್ರಾಂಗಳಿಗೆ ಬೇಕಾಗಿ ಎರಿಕ್ ಆಲ್‌ಮನ್ ಮಾಡಿದ್ದು. 64 ಬಳಕೆಯ ತಪ್ಪು, 65 ದತ್ತಾಂಶ ಕೆಟ್ಟಿದೆ, 66 ಕೊಟ್ಟ ಫೈಲ್ ಇಲ್ಲ, 75 ಸದ್ಯಕ್ಕೆ ಆಗಲಿಲ್ಲ ಆಮೇಲೆ ನೋಡಿ, 77 ಅನುಮತಿ ಇಲ್ಲ, 78 ಸೆಟ್ಟಿಂಗ್ ತಪ್ಪು, ಹೀಗೆ ಹದಿನೈದು. ಓದಲು ಚೆನ್ನಾಗಿದೆ. ಹದಿನೈದನ್ನೂ ಬಳಸಲು ಹೋದರೆ ಮಾತ್ರ ನಿಮ್ಮ ನಾಲ್ಕು ಜನ ನಾಲ್ಕು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ತೋಟದಿಂದ ಬಂದ ಫೈಲ್ ಖಾಲಿಯಿದ್ದರೆ ಅದು 65 ಆ, 66 ಆ? ಚಹಾ ಕುಡಿಯುತ್ತಾ ಒಂದು ಗಂಟೆ ವಾದ ಮಾಡಬಹುದು.

ನಾನು ಹಿಡಿದುಕೊಂಡಿರುವ ಲೆಕ್ಕ ಇಷ್ಟೇ. ಕೋಡ್ ನೋಡಿ ಕರೆದವರು ಬೇರೆ ಏನಾದರೂ ಮಾಡುವುದಾದರೆ ಮಾತ್ರ ಅದಕ್ಕೆ ಬೇರೆ ಸಂಖ್ಯೆ. ಏನೂ ಬೇರೆ ಮಾಡುವುದಿಲ್ಲ ಅಂದರೆ ವಿವರ ಸಂದೇಶದಲ್ಲಿರಲಿ. ನಿಮ್ಮಲ್ಲಿ ಬೇರೆ ಬೇರೆ ಏನು ಮಾಡುತ್ತೀರಿ? ನೆಟ್ ಇಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸುತ್ತೀರಿ. ಫೈಲ್ ಬಂದು ಒಳಗಿನ ಲೆಕ್ಕ ತಪ್ಪಿದ್ದರೆ ಮತ್ತೆ ಓಡಿಸಿ ಉಪಯೋಗವಿಲ್ಲ, ತೋಟಕ್ಕೆ ಫೋನ್ ಮಾಡಬೇಕು. ಪಾಸ್‌ವರ್ಡ್ ಅಥವಾ ಸೆಟ್ಟಿಂಗ್ ತಪ್ಪಿದ್ದರೆ ತೋಟದವರಿಗೆ ಫೋನ್ ಮಾಡಿ ಉಪಯೋಗವಿಲ್ಲ, ನೀವೇ ಸರಿಮಾಡಬೇಕು. ಅಲ್ಲಿಗೆ ಮೂರು: 75, 65, 78. ಜೊತೆಗೆ 0, 1, 2. ಆರು ಸಂಖ್ಯೆ ಸಾಕು. ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

ಈ ಆರರಲ್ಲಿ ನಮ್ಮ ಕಡೆಗೆ ಬಹಳ ಬೇಕಾದದ್ದು 75. ಜುಲೈನಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಅದನ್ನೆಲ್ಲ ‘ಎರರ್’ ಎಂದು ಕೂಗಿದರೆ ಒಂದು ವಾರದಲ್ಲಿ ನಿಮಗೆ ಆ ಕೂಗೇ ಕೇಳಿಸದಂತಾಗುತ್ತದೆ. ನೆಟ್‌ನಿಂದ ತರಲು ‘ಕರ್ಲ್’ ಬಳಸುತ್ತಿದ್ದರೆ ಅದರದ್ದೇ ಕೋಡ್‌ಗಳಿವೆ. 6 ಬಂದರೆ ಸರ್ವರ್ ಹೆಸರು ಸಿಗಲಿಲ್ಲ, 7 ಬಂದರೆ ಸಂಪರ್ಕ ಆಗಲಿಲ್ಲ, 28 ಬಂದರೆ ಸಮಯ ಮೀರಿತು. ಮೂರನ್ನೂ 75 ಮಾಡಿ ಹೊರಗೆ ಕೊಡಿ. ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ನೋಡಿ, ಆಮೇಲೆ ಸುಮ್ಮನಾಗಿ. ‘ಕರ್ಲ್’ಗೆ ‘ಫೇಲ್’ ಆಯ್ಕೆ ಕೊಡುವುದನ್ನು ಮಾತ್ರ ಮರೆಯಬೇಡಿ. ಅದು ಇಲ್ಲದಿದ್ದರೆ ಸರ್ವರ್ ‘404 ಪುಟ ಇಲ್ಲ’ ಎಂದರೂ ಆ ಪುಟವನ್ನೇ ಮಳೆ ಲೆಕ್ಕ ಅಂತ ಉಳಿಸಿಟ್ಟು 0 ಕೊಡುತ್ತದೆ. ಆಯ್ಕೆ ಕೊಟ್ಟರೆ 22 ಬರುತ್ತದೆ.

126ರಿಂದ ಮೇಲಿನ ಸಂಖ್ಯೆಗಳ ತಂಟೆಗೆ ಹೋಗಬೇಡಿ, ಅವು ಶೆಲ್‌ನವು. 126 ಅಂದರೆ ಫೈಲ್ ಇದೆ, ಓಡಿಸಲಾಗಲಿಲ್ಲ. 127 ಅಂದರೆ ಅಂಥ ಕಮಾಂಡ್ ಸಿಗಲಿಲ್ಲ. ಕೈಯಿಂದ ಓಡಿಸಿದರೆ ಸರಿ, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ‘ಕ್ರಾನ್’ನಲ್ಲಿ ಹಾಕಿದರೆ 127 ಬರುತ್ತದೆ ಎಂದು ತಲೆ ಕೆರೆದುಕೊಳ್ಳುವವರು ಬಹಳ. ‘ಕ್ರಾನ್’ಗೆ ಗೊತ್ತಿರುವ ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬಹಳ ಚಿಕ್ಕದು, ಅಷ್ಟೇ ಕಾರಣ. 128ರ ಮೇಲಿನವು ಸಿಗ್ನಲ್‌ನಿಂದ (‘ನಿಲ್ಲು’ ಎಂದು ಸಿಸ್ಟಮ್ ಕಳಿಸುವ ಸೂಚನೆ) ಸತ್ತವು: ಕಂಟ್ರೋಲ್ ಸಿ ಒತ್ತಿದರೆ 130, ಬಲವಂತವಾಗಿ ಕೊಂದರೆ 137, ಸಭ್ಯವಾಗಿ ನಿಲ್ಲಿಸಿದರೆ 143. ನಿಮ್ಮ -1 ಪ್ರೋಗ್ರಾಂ 255 ಕೊಟ್ಟು ಈ ಗುಂಪಿಗೆ ನುಗ್ಗುತ್ತಿದೆ. ಅದನ್ನು ಇವತ್ತೇ ತಿದ್ದಿ.

ಸಂದೇಶದ ವಿಷಯ. ‘ಎರರ್’ ಅಂತ ತೋರಿಸಿ 0 ಕೊಡುವ ಪ್ರೋಗ್ರಾಂ ಎರಡು ತಪ್ಪು ಮಾಡುತ್ತಿರಬಹುದು. ಒಂದು 0. ಇನ್ನೊಂದು, ಆ ಮಾತನ್ನು ಎಲ್ಲಿಗೆ ಕಳಿಸುತ್ತಿದೆ ಎನ್ನುವುದು. ಉತ್ತರ ಹೋಗುವ ದಾರಿ ಸ್ಟ್ಯಾಂಡರ್ಡ್ ಔಟ್‌ಪುಟ್, ದೂರು ಹೋಗುವ ದಾರಿ ಸ್ಟ್ಯಾಂಡರ್ಡ್ ಎರರ್. ಯುನಿಕ್ಸ್‌ನಲ್ಲಿ ಮೊದಲು ಈ ಎರಡನೆಯ ದಾರಿ ಇರಲೇ ಇಲ್ಲ. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಫೋಟೋ ಅಚ್ಚಿನ ಯಂತ್ರ ಇತ್ತಂತೆ. ಕಾಗದ ತೊಳೆದು, ಒಣಗಿಸಿ, ಕಾದು ನೋಡಿದರೆ ‘ಫೈಲ್ ತೆರೆಯಲಾಗಲಿಲ್ಲ’ ಎಂಬ ಒಂದೇ ಸಾಲು, ಬಹಳ ಅಂದವಾಗಿ ಅಚ್ಚಾಗಿ ಬಂದಿರುತ್ತಿತ್ತು. ಅಲ್ಲಿದ್ದವರು ಗೊಣಗಿ ಗೊಣಗಿ ಕೊನೆಗೆ ದೂರಿಗೇ ಬೇರೆ ದಾರಿ ಆಯಿತು. ಆ ಕಥೆ ಹೇಳಿದವರು ಅಲ್ಲೇ ಕೆಲಸ ಮಾಡುತ್ತಿದ್ದ ಸ್ಟೀವ್ ಜಾನ್ಸನ್. ನಿಮ್ಮ ‘ಎರರ್’ ಪದ ಮಳೆ ಫೈಲಿನ ಒಳಗೇ ಸೇರಿಕೊಂಡು, ಮುಂದಿನ ಪ್ರೋಗ್ರಾಂ ಅದನ್ನು ಸಂಖ್ಯೆ ಎಂದು ಓದಲು ಹೋಗಿ ಮುಗ್ಗರಿಸುತ್ತಿದ್ದರೆ ಅದೂ ಇದೇ ಜಾತಿಯ ಕಾಯಿಲೆ.

ಸಂದೇಶದಲ್ಲಿ ಯಾವ ಪ್ರೋಗ್ರಾಂ, ಯಾವ ತೋಟ, ಯಾವ ಫೈಲಿನ ಎಷ್ಟನೆಯ ಸಾಲು, ಏನು ತಪ್ಪು ಎಂಬುದು ಬರಲಿ. ‘ಮಳೆ-ತರು: ಮೂರನೆಯ ತೋಟದ ಫೈಲ್, 14ನೆಯ ಸಾಲು: ಮಳೆ 120 ಇಂಚು ಎಂದಿದೆ’ ಎಂದರೆ ಓದಿದವರಿಗೆ ಬಿಂದು ಬಿಟ್ಟುಹೋಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ತೂಕದ ಕಡೆ ಕೂರುವವರಿಗೆ ಸಂದೇಶ ಕನ್ನಡದಲ್ಲೇ ಇರಲಿ, ಅದರಲ್ಲಿ ಸಂಕೋಚ ಏನೂ ಬೇಡ. ಆದರೆ ಆ ಪದಗಳನ್ನು ಹುಡುಕಿ ಇನ್ನೊಂದು ಪ್ರೋಗ್ರಾಂ ತೀರ್ಮಾನ ಮಾಡಬಾರದು. ನಾಳೆ ಯಾರೋ ‘ಇಲ್ಲ’ವನ್ನು ‘ಸಿಗಲಿಲ್ಲ’ ಎಂದು ತಿದ್ದುತ್ತಾರೆ, ಕಥೆ ಮುಗಿಯಿತು. ಪ್ರೋಗ್ರಾಂ ನೋಡಬೇಕಾದ್ದು ಕೋಡನ್ನು.

ಬ್ಯಾಶ್ ಕಡೆ ಬರೋಣ. ಇಲ್ಲಿ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಹಾಸನದಲ್ಲಿ ಹಿಂದೆ ಒಂದು ಕಡೆ ಕೆಲಸದಲ್ಲಿದ್ದಾಗ ರಾತ್ರಿ ಬ್ಯಾಕಪ್ ನನ್ನ ಜವಾಬ್ದಾರಿ. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು, ಪೈಪ್‌ನಲ್ಲಿ (ಒಂದರ ಔಟ್‌ಪುಟ್ ನೇರ ಇನ್ನೊಂದಕ್ಕೆ) ಫೈಲನ್ನು ಒತ್ತಿ ಚಿಕ್ಕದು ಮಾಡುವ ‘ಜಿಜಿಪ್’ಗೆ ಕೊಟ್ಟು, ಫೈಲ್ ಮಾಡುವ ಒಂದೇ ಸಾಲು. ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದರು. ಡಂಪ್ ಆಗಲಿಲ್ಲ. ಆದರೆ ಪೈಪ್‌ನ ಕೋಡ್ ಅಂದರೆ ಕೊನೆಯ ಕಮಾಂಡ್‌ನ ಕೋಡ್. ‘ಜಿಜಿಪ್’ ಏನೂ ಇಲ್ಲದ್ದನ್ನು ಅಚ್ಚುಕಟ್ಟಾಗಿ ಒತ್ತಿ 0 ಕೊಟ್ಟಿತು. ಎರಡು ತಿಂಗಳು ದಿನಾ ಹೊಸ ಫೈಲ್, ದಿನಾ ಸರಿ ಎಂಬ ವರದಿ. ಬೇಕಾದ ದಿನ ತೆರೆದರೆ ಪ್ರತಿ ಫೈಲೂ ಇಪ್ಪತ್ತು ಬೈಟ್. ಖಾಲಿಯನ್ನು ‘ಜಿಜಿಪ್’ ಮಾಡಿದರೆ ಆಗುವ ಗಾತ್ರ ಅದು, ಇವತ್ತಿಗೂ ಮರೆತಿಲ್ಲ. ಫೈಲ್ ಇದೆಯಾ ಅಂತ ನೋಡುತ್ತಿದ್ದೆ, ಗಾತ್ರ ನೋಡುತ್ತಿರಲಿಲ್ಲ.

ಹಾಗಾಗಿ ಪ್ರತಿ ಬ್ಯಾಶ್ ಪ್ರೋಗ್ರಾಂನ ಮೇಲ್ಗಡೆ ‘ಪೈಪ್‌ಫೇಲ್’ ಆಯ್ಕೆ ಹಾಕಿ. ಆಗ ಪೈಪ್‌ನಲ್ಲಿ ಯಾರು ಬಿದ್ದರೂ ಇಡೀ ಸಾಲು ಬಿತ್ತು ಎಂದು ಲೆಕ್ಕ. ಬೆಲೆಯೇ ಕೊಡದ ವೇರಿಯಬಲ್ ಬಳಸಿದರೆ ನಿಲ್ಲಿಸುವ ‘ನೌನ್‌ಸೆಟ್’ ಕೂಡ ಹಾಕಿ. ತಪ್ಪಾದ ಕೂಡಲೇ ನಿಲ್ಲಿಸುವ ‘ಎರ್‌ಎಕ್ಸಿಟ್’ ಬಗ್ಗೆ ಮಾತ್ರ ನನಗೆ ಪೂರ್ತಿ ನಂಬಿಕೆ ಇಲ್ಲ. ಹಾಕಿ, ಆದರೆ ಅದೇ ಕಾಪಾಡುತ್ತದೆ ಅಂತ ಮಲಗಬೇಡಿ. ಒಂದು ಫಂಕ್ಷನ್ ಅನ್ನು ‘ಇಫ್’ ಒಳಗೆ ಕರೆದರೆ ಆ ಫಂಕ್ಷನ್ ಮುಗಿಯುವವರೆಗೂ ಅದು ಕಣ್ಣು ಮುಚ್ಚಿಕೊಂಡಿರುತ್ತದೆ. ಫಂಕ್ಷನ್‌ನ ಸ್ವಂತ ವೇರಿಯಬಲ್‌ಗೆ ‘ಲೋಕಲ್’ ಹೇಳುವ ಸಾಲಿನಲ್ಲೇ ಕಮಾಂಡ್ ಓಡಿಸಿ ಅದರ ಉತ್ತರ ತುಂಬಿಸಿದರೆ, ನಿಮಗೆ ಸಿಗುವುದು ‘ಲೋಕಲ್’ನ ಕೋಡ್, ಕಮಾಂಡ್‌ನದ್ದಲ್ಲ. ಮೊದಲ ಸಾಲಿನಲ್ಲಿ ‘ಲೋಕಲ್’, ಎರಡನೆಯದರಲ್ಲಿ ತುಂಬಿಸುವುದು, ಹೀಗೆ ಬಿಡಿಸಿ ಬರೆಯಿರಿ. ಹಿಂದಿನ ಕಮಾಂಡ್‌ನ ಕೋಡ್ ಹೇಳುವ $? ಎಂಬುದೂ ಅಷ್ಟೇ, ನಡುವೆ ಒಂದು ‘ಎಕೋ’ ಬಂದರೆ ಅದರ ಕೋಡ್ ಬಂದು ಕೂರುತ್ತದೆ. ಬೇಕಿದ್ದರೆ ಕೂಡಲೇ ಎತ್ತಿಟ್ಟುಕೊಳ್ಳಿ.

‘ಪೈಪ್‌ಫೇಲ್’ ಹಾಕಿದ ಮೇಲೆ ಒಂದು ದಿನ 141 ಬಂದು ನಿಮ್ಮನ್ನು ಹೆದರಿಸಬಹುದು. ದೊಡ್ಡ ಫೈಲಿನ ಮೊದಲ ಸಾಲು ಸಾಕು ಅಂತ ‘ಹೆಡ್’ಗೆ ಪೈಪ್ ಮಾಡಿರುತ್ತೀರಿ. ‘ಹೆಡ್’ ಒಂದು ಸಾಲು ತೆಗೆದುಕೊಂಡು ಎದ್ದು ಹೋಗುತ್ತದೆ, ಹಿಂದಿನದು ಇನ್ನೂ ಬರೆಯುತ್ತಿರುತ್ತದೆ, ಸಿಗ್ನಲ್ 13 ಬಂದು ಸಾಯುತ್ತದೆ. 128 ಮತ್ತು 13 ಸೇರಿ 141. ಇದು ಕಾಯಿಲೆ ಅಲ್ಲ. ಅದಕ್ಕೆ ಹೆದರಿ ಸಾಲಿನ ಕೊನೆಗೆ, ಏನೇ ಕೆಟ್ಟರೂ 0 ಮಾಡಿಬಿಡುವ ‘ಅಥವಾ ಟ್ರೂ’ (|| true) ಸೇರಿಸುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ. ಅದು ಪೈಥಾನ್‌ನ ಬರೀ ‘ಎಕ್ಸೆಪ್ಟ್’ನ ತಮ್ಮ.

ಅರ್ಧ ಬರೆದ ಫೈಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕರೆಂಟು ಹೋದಾಗ ವರದಿ ಅರ್ಧ ಬರೆದಿದ್ದರೆ, ಬೆಳಿಗ್ಗೆ ಅದು ಪೂರ್ತಿ ವರದಿಯ ಹಾಗೇ ಕಾಣುತ್ತದೆ. ಮೊದಲು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿಗೆ ಬರೆಯಿರಿ, ಮುಚ್ಚಿದಾಗಲೂ ತಪ್ಪು ಬಂತಾ ನೋಡಿ, ಎಲ್ಲ ಸರಿಯಿದ್ದರೆ ಕೊನೆಗೆ ಹೆಸರು ಬದಲಿಸಿ. ಒಂದೇ ಫೈಲ್ ಸಿಸ್ಟಮ್‌ನೊಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುತ್ತದೆ. ನೋಡುವವರಿಗೆ ಹಳೆಯದು ಕಾಣುತ್ತದೆ, ಇಲ್ಲವೇ ಹೊಸದು. ಮುಚ್ಚುವಾಗ ಯಾಕೆ ನೋಡಬೇಕು ಎಂದರೆ, ಸಿ ಪ್ರೋಗ್ರಾಂನಲ್ಲಿ ‘ಪ್ರಿಂಟ್‌ಎಫ್’ ಬರೆದದ್ದು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರುತ್ತದೆ. ಡಿಸ್ಕ್ ತುಂಬಿದೆ ಎನ್ನುವುದು ಎಷ್ಟೋ ಸಲ ಮುಚ್ಚುವಾಗಲೇ ತಿಳಿಯುವುದು.

ತೂಕದ ಯಂತ್ರದ ಆ ಪ್ರೋಗ್ರಾಂ ನೋಡುವಾಗ ಇನ್ನೊಂದು ನೆನಪಿಡಿ. ಕೇಬಲ್ ಸಡಿಲವಾಗಿ ಯಂತ್ರದಿಂದ ಏನೂ ಬರದಿದ್ದರೆ ಅದು ಏನು ಕೊಡುತ್ತದೆ? 0 ಕೆಜಿ ಕೊಡುತ್ತಿದ್ದರೆ ಮಳೆಯ ಕಥೆಯೇ ಇಲ್ಲೂ. ಅಲ್ಲಿ ಹೋಗುವುದು ಕುಯ್ದವರ ಕೂಲಿ, ಆದ್ದರಿಂದ ಇಪ್ಪತ್ತೊಂದರಲ್ಲಿ ಮೊದಲು ಇದನ್ನೇ ತೆರೆಯಿರಿ ಅನ್ನುತ್ತೇನೆ.

ಉಳಿದ ಇಪ್ಪತ್ತನ್ನು ಒಂದೇ ವಾರದಲ್ಲಿ ತಿದ್ದಲು ಹೋಗಬೇಡಿ. ಒಂದು ಸಣ್ಣ ಹೊದಿಕೆ ಪ್ರೋಗ್ರಾಂ ಮಾಡಿ. ‘ಕ್ರಾನ್’ ತಾನಾಗಿ ಕೋಡ್ ನೋಡಿ ಏನೂ ಮಾಡುವುದಿಲ್ಲ, ಪ್ರೋಗ್ರಾಂ ಏನಾದರೂ ಮಾತಾಡಿದರೆ ಅದನ್ನು ಮೇಲ್ ಮಾಡುತ್ತದೆ ಅಷ್ಟೇ. ಹೊದಿಕೆ ಪ್ರೋಗ್ರಾಂ ಕೊಟ್ಟ ಕೆಲಸವನ್ನು ಓಡಿಸಲಿ, ದಿನ, ಸಮಯ, ಹೆಸರು, ಕೋಡ್ ಒಂದು ಫೈಲಿಗೆ ಬರೆಯಲಿ, 75 ಬಂದರೆ ಮತ್ತೆ ಓಡಿಸಲಿ, 65 ಅಥವಾ 78 ಬಂದರೆ ನಿಮಗೆ ತಿಳಿಸಲಿ, ಗುರುತಿಲ್ಲದ ಸಂಖ್ಯೆ ಬಂದರೆ 1 ಎಂದೇ ತಿಳಿಯಲಿ. ಆರು ತೋಟಗಳನ್ನು ಒಂದೇ ಓಟದಲ್ಲಿ ತರಬೇಡಿ, ತೋಟಕ್ಕೊಂದು ಓಟ ಮಾಡಿ. ಇಲ್ಲದಿದ್ದರೆ ಐದು ಬಂದು ಒಂದು ಬರದ ದಿನ ಯಾವ ಕೋಡ್ ಕೊಡಬೇಕು ಎಂಬ ತಲೆನೋವು ಶುರುವಾಗುತ್ತದೆ. ಹದಿನೈದು ದಿನದ ಆ ಫೈಲ್ ನೋಡಿದರೆ ಯಾವುದನ್ನು ಮುಂದೆ ತಿದ್ದಬೇಕು ಅಂತ ಅದೇ ಹೇಳುತ್ತದೆ.

ತಿದ್ದಿದ್ದನ್ನು ಪರೀಕ್ಷೆ ಮಾಡುವುದು ಸುಲಭ. ನೆಟ್ ಕೇಬಲ್ ಕಿತ್ತು ಓಡಿಸಿ, 75 ಬರಬೇಕು. ಖಾಲಿ ಫೈಲ್ ಕೊಡಿ, 65. ಪಾಸ್‌ವರ್ಡ್ ಒಂದು ಅಕ್ಷರ ಕೆಡಿಸಿ, 78. ಲಿನಕ್ಸ್‌ನಲ್ಲಿ ‘ಡೆವ್ ಫುಲ್’ ಎಂಬ ಒಂದು ಸುಳ್ಳು ಸಾಧನ ಇದೆ, ಅದಕ್ಕೆ ಬರೆದರೆ ಯಾವಾಗಲೂ ಡಿಸ್ಕ್ ತುಂಬಿದೆ ಎನ್ನುತ್ತದೆ. ಔಟ್‌ಪುಟ್ ಅನ್ನು ಅದಕ್ಕೆ ತಿರುಗಿಸಿ ನೋಡಿ, 0 ಬಂದರೆ ಆ ಪ್ರೋಗ್ರಾಂ ಬರೆದದ್ದು ನಿಜವಾಗಿ ಹೋಯಿತಾ ಎಂದು ನೋಡುತ್ತಿಲ್ಲ.

ಕೊನೆಗೆ ವರದಿ. ಅದರಲ್ಲಿ ಲೆಕ್ಕ ಬರದ ತೋಟದ ಖಾನೆಯನ್ನು ಖಾಲಿ ಬಿಡಬೇಡಿ, ಖಾಲಿ ಕಂಡರೆ ಎಕ್ಸೆಲ್‌ನಲ್ಲಿ ಮೊತ್ತ ಹಾಕುವಾಗ ಯಾರಿಗೂ ಗೊತ್ತಾಗದೆ ಸೊನ್ನೆಯಂತೆಯೇ ನಡೆದುಹೋಗುತ್ತದೆ. ‘ಬಂದಿಲ್ಲ’ ಎಂದು ಅಕ್ಷರದಲ್ಲಿ ಬರೆಯಿರಿ, ಪಕ್ಕದಲ್ಲಿ ಕೊನೆಯ ಸಲ ಲೆಕ್ಕ ಬಂದ ದಿನ, ಸಮಯ ಹಾಕಿ. ಆಗ ಡೀಸೆಲ್ ಗಾಡಿ ಹೊರಡುವ ಮೊದಲು ಸಾಹುಕಾರರು ಒಬ್ಬ ಹುಡುಗನನ್ನು ಬೈಕಿನಲ್ಲಿ ತೋಟಕ್ಕೆ ಕಳಿಸಿ ಗೇಜ್ ನೋಡಿಸುತ್ತಾರೆ.